ತೋಳಿನ ಮತ್ತು ಕೈಯ ನರಗಳನ್ನು ನಿಮ್ಮ ಕೈಯಲ್ಲೇ ಗುರುತಿಸುವ ಕ್ರಮ

ಕಾಫಿ ಕೊಯ್ಲು ಮುಗಿದು ಕರಿಮೆಣಸಿನ ಏಣಿಗಳು ಮರಗಳಿಗೆ ಒರಗುವ ದಿನಗಳಲ್ಲಿ, ಕೊಡಗಿನ ತೋಟಗಳಿಂದ ನನ್ನ ಬಳಿ ಫಿಸಿಯೋಥೆರಪಿಗೆ ಬರುವವರಲ್ಲಿ ಹೆಚ್ಚಿನವರು ಹೇಳುವ ಮಾತು ಒಂದೇ: "ಕೈಯ ನರ ಹಿಡಿದಿದೆ ಸಾರ್." ಯಾವ ಬೆರಳು ಎಂದು ಕೇಳಿದರೆ "ಎಲ್ಲಾ ಬೆರಳೂ, ಇಡೀ ಕೈ" ಎಂಬ ಉತ್ತರ ಬರುತ್ತದೆ. ಆದರೆ ಕುಳ್ಳಿರಿಸಿ, ಒಂದೊಂದು ಬೆರಳನ್ನೂ ಬೇರೆಯಾಗಿ ಮುಟ್ಟಿ ಕೇಳುತ್ತಾ ಹೋದಾಗ ಇಡೀ ಕೈ ಎಂದದ್ದು ಮೂರೂವರೆ ಬೆರಳಾಗಿಯೋ ಒಂದೂವರೆ ಬೆರಳಾಗಿಯೋ ನಿಲ್ಲುತ್ತದೆ. ಆ ಗಡಿ ಸ್ಪಷ್ಟವಾದ ಕ್ಷಣದಲ್ಲಿ ತೊಂದರೆ ಮಣಿಕಟ್ಟಿನಲ್ಲಿದೆಯೋ, ಮೊಣಕೈಯಲ್ಲಿದೆಯೋ, ಕತ್ತಿನಲ್ಲಿದೆಯೋ ಎಂಬುದರ ಅರ್ಧ ಉತ್ತರ ಸಿಕ್ಕಿರುತ್ತದೆ. ಈ ಗಡಿಗಳನ್ನು ಗುರುತಿಸಲು ಯಂತ್ರ ಬೇಕಿಲ್ಲ. ಒಂದು ತುಂಡು ಹತ್ತಿ, ಒಂದು ಬಾಲ್‌ಪೆನ್ನು, ಒಂದು ಹಾಳೆ ಮತ್ತು ಅರ್ಧ ಗಂಟೆಯ ತಾಳ್ಮೆ ಸಾಕು.

ಮೊದಲು ನರ ಯಾವುದು ಎಂದು ತಿಳಿಯಬೇಕು

ನಮ್ಮ ಆಡುಮಾತಿನಲ್ಲಿ ಕೈಮೇಲೆ ಹಸಿರಾಗಿ ಉಬ್ಬಿದ ರಕ್ತನಾಳವೂ ನರ, ಮಣಿಕಟ್ಟಿನಲ್ಲಿ ಹಗ್ಗದಂತೆ ಎದ್ದು ನಿಲ್ಲುವ ಸ್ನಾಯುರಜ್ಜುವೂ ನರ, ನಿಜವಾದ ನರವೂ ನರ. ಆದ್ದರಿಂದ ಈ ಮೂರನ್ನು ಬೆರಳಿನಿಂದ ಬೇರ್ಪಡಿಸುವುದೇ ಮೊದಲ ಅಭ್ಯಾಸ. ಅಂಗೈಯನ್ನು ಮೇಲಕ್ಕೆ ಮಾಡಿ, ಹೆಬ್ಬೆರಳ ತುದಿಯನ್ನು ಕಿರುಬೆರಳ ತುದಿಗೆ ಮುಟ್ಟಿಸಿ, ಮಣಿಕಟ್ಟನ್ನು ತುಸು ಮಡಿಸಿರಿ. ನಡುವೆ ಎದ್ದು ಕಾಣುವ ದಾರ ಪಾಲ್ಮಾರಿಸ್ ಲಾಂಗಸ್ ಎಂಬ ಸ್ನಾಯುವಿನ ರಜ್ಜು. ಕೆಲವರಿಗೆ ಅದು ಹುಟ್ಟಿನಿಂದಲೇ ಇರುವುದಿಲ್ಲ, ಅದರಿಂದ ಯಾವ ಕೊರತೆಯೂ ಇಲ್ಲ. ರಜ್ಜು ಸ್ನಾಯು ಬಿಗಿದಾಗ ಗಟ್ಟಿಯಾಗುತ್ತದೆ, ಸಡಿಲಿಸಿದಾಗ ಮರೆಯಾಗುತ್ತದೆ. ಉಬ್ಬಿದ ರಕ್ತನಾಳವನ್ನು ಒತ್ತಿದರೆ ಚಪ್ಪಟೆಯಾಗುತ್ತದೆ, ಕೈಯನ್ನು ತಲೆಗಿಂತ ಮೇಲೆತ್ತಿದರೆ ಇಳಿದುಹೋಗುತ್ತದೆ. ನರ ಇವೆರಡನ್ನೂ ಮಾಡುವುದಿಲ್ಲ; ಅದನ್ನು ಒತ್ತಿದಾಗ ಅಥವಾ ತಟ್ಟಿದಾಗ ಒತ್ತಿದ ಜಾಗಕ್ಕಿಂತ ದೂರದಲ್ಲಿ, ಬೆರಳ ಕಡೆಗೆ, ಜುಮ್ಮೆನ್ನುತ್ತದೆ. ಮೊಣಕೈಯ ಒಳಬದಿಯಲ್ಲಿ ಚೂಪಾಗಿ ಸಿಗುವ ಮೂಳೆಯ ಉಬ್ಬಿನ ಹಿಂದಿನ ತಗ್ಗಿನಲ್ಲಿ ಬೆರಳನ್ನು ಮೆಲ್ಲಗೆ ಅಡ್ಡಕ್ಕೆ ಆಡಿಸಿದರೆ ಬೆರಳಡಿಯಲ್ಲಿ ಹೊರಳುವ ಮೆತ್ತನೆಯ ದಾರ ಸಿಗುತ್ತದೆ. ಅದು ಅಲ್ನಾರ್ ನರ. ಬಾಗಿಲ ಚೌಕಟ್ಟಿಗೆ ಮೊಣಕೈ ತಗುಲಿದಾಗ ಕಿರುಬೆರಳವರೆಗೆ ಕರೆಂಟು ಹೊಡೆದಂತಾಗುವುದು ಇದರಿಂದಲೇ.

ಬೇರುಗಳು: ಕತ್ತಿನಿಂದ ಕಂಕುಳಿನವರೆಗೆ

ಕತ್ತಿನಲ್ಲಿ ಕಶೇರುಗಳು 7 ಇದ್ದರೂ ಅಲ್ಲಿಂದ ಹೊರಡುವ ನರಗಳು 8 ಜೊತೆ. ಇವುಗಳಲ್ಲಿ 5, 6, 7, 8ನೆಯವು ಮತ್ತು ಎದೆಯ ಭಾಗದ ಮೊದಲನೆಯದು ಸೇರಿ ತೋಳಿನ ನರಜಾಲ, ಅಂದರೆ ಬ್ರೇಕಿಯಲ್ ಪ್ಲೆಕ್ಸಸ್, ಆಗುತ್ತದೆ. ಗದ್ದೆ ಬಯಲಿನ ತೋಡುಗಳು ಒಂದನ್ನೊಂದು ಕೂಡಿ ಮತ್ತೆ ಕವಲೊಡೆಯುವಂತೆ ಈ ಐದು ಬೇರುಗಳು ಕೂಡಿ ಮೂರು ಕಾಂಡಗಳಾಗುತ್ತವೆ. ಪ್ರತಿ ಕಾಂಡವೂ ಕೊರಳಪಟ್ಟಿ ಮೂಳೆಯ ಹಿಂದೆ ಎರಡಾಗಿ ಸೀಳಿ ಆರಾಗುತ್ತದೆ, ಆ ಆರು ಕಂಕುಳಿನ ದೊಡ್ಡ ರಕ್ತನಾಳದ ಸುತ್ತ ಮತ್ತೆ ಮೂರು ಹುರಿಗಳಾಗಿ ಸೇರುತ್ತವೆ, ಆ ಮೂರರಿಂದ ತೋಳಿಗೆ ಇಳಿಯುವ ಐದು ಮುಖ್ಯ ನರಗಳು ಹುಟ್ಟುತ್ತವೆ. ಈ ಲೆಕ್ಕವನ್ನು ಬಾಯಿಪಾಠ ಮಾಡುವ ಅಗತ್ಯ ವಿದ್ಯಾರ್ಥಿಗಳಿಗೆ ಮಾತ್ರ. ಉಳಿದವರು ನೆನಪಿಡಬೇಕಾದದ್ದು ಒಂದು ಬೇರಿನ ಎಳೆಗಳು ಹಲವು ನರಗಳಿಗೆ ಹಂಚಿಹೋಗುತ್ತವೆ ಎಂಬುದನ್ನು. ಬೇರಿನಲ್ಲಿ ತೊಂದರೆಯಾದಾಗ ಮತ್ತು ನರದಲ್ಲಿ ತೊಂದರೆಯಾದಾಗ ಕೈಯ ಮೇಲಿನ ಗಡಿಗಳು ಬೇರೆಬೇರೆಯಾಗುವುದು ಇದರಿಂದ.

ನಮ್ಮ ಜಿಲ್ಲೆಯಲ್ಲಿ ಈ ಜಾಲಕ್ಕೆ ಪೆಟ್ಟು ಬೀಳುವ ಬಗೆಗಳು ಎರಡು. ಘಾಟಿಯ ತಿರುವಿನಲ್ಲಿ ಬೈಕಿನಿಂದ ಬಿದ್ದವರ ತಲೆ ಒಂದು ಕಡೆಗೂ ಹೆಗಲು ಇನ್ನೊಂದು ಕಡೆಗೂ ಸೆಳೆದುಕೊಂಡರೆ ಮೇಲಿನ ಕಾಂಡ ಎಳೆದುಹೋಗುತ್ತದೆ. ಆಗ ತೋಳನ್ನು ಪಕ್ಕಕ್ಕೆ ಎತ್ತಲಾಗದು, ಮೊಣಕೈ ಮಡಿಸಲಾಗದು, ತೋಳು ಒಳಕ್ಕೆ ತಿರುಗಿ ಜೋತುಬೀಳುತ್ತದೆ. ನೆರಳಿನ ಮರದ ಕೊಂಬೆ ಕಡಿಯುವಾಗ ಕಾಲು ಜಾರಿದವರು ಬೀಳುತ್ತಾ ಒಂದೇ ಕೈಯಲ್ಲಿ ಕೊಂಬೆ ಹಿಡಿದು ತೂಗಿದರೆ ಕೆಳಗಿನ ಕಾಂಡಕ್ಕೆ ಸೆಳೆತ ಬೀಳುತ್ತದೆ. ಆಗ ಹೆಗಲು ಮೊಣಕೈಗಳು ಚೆನ್ನಾಗಿದ್ದು ಬೆರಳುಗಳ ಸೂಕ್ಷ್ಮ ಕೆಲಸ ನಿಲ್ಲುತ್ತದೆ. "ಮೂಳೆ ಮುರಿದಿಲ್ಲ, ಎಕ್ಸ್‌ರೇ ಸರಿಯಿದೆ" ಎಂಬ ಮಾತಿಗೆ ಇಂಥವರು ಸಮಾಧಾನಪಟ್ಟುಕೊಳ್ಳಬಾರದು, ಏಕೆಂದರೆ ನರ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ.

ಐದು ಗುರುತುಗಳನ್ನು ಹಾಕಿಕೊಳ್ಳುವುದು

ಈಗ ಪೆನ್ನು ತೆಗೆದುಕೊಂಡು ಎರಡೂ ತೋಳುಗಳ ಮೇಲೆ ಐದೈದು ಚುಕ್ಕೆ ಇಡಿರಿ. ಹೆಗಲಿನ ಹೊರಬದಿಯ ದುಂಡು ಸ್ನಾಯುವಿನ ಕೆಳಭಾಗದಲ್ಲಿ ಒಂದು. ಅದು ಆಕ್ಸಿಲರಿ ನರದ ಜಾಗ. ಮೊಣಕೈ ಮತ್ತು ಮಣಿಕಟ್ಟುಗಳ ನಡುವೆ, ಹೆಬ್ಬೆರಳಿನ ಕಡೆಯ ಅಂಚಿನಲ್ಲಿ ಒಂದು; ಅದು ಮಸ್ಕ್ಯುಲೋಕ್ಯುಟೇನಿಯಸ್ ನರದ ಜಾಗ. ಕೈಯ ಹಿಂಬದಿಯಲ್ಲಿ ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವಿನ ಚರ್ಮದಲ್ಲಿ ಒಂದು. ಅದು ರೇಡಿಯಲ್ ನರದ್ದು. ತೋರುಬೆರಳ ತುದಿಯ ಮೆತ್ತೆಯಲ್ಲಿ ಒಂದು. ಅದು ಮೀಡಿಯನ್ ನರದ್ದು. ಕಿರುಬೆರಳ ತುದಿಯ ಮೆತ್ತೆಯಲ್ಲಿ ಒಂದು. ಅದು ಅಲ್ನಾರ್ ನರದ್ದು. ನೆರೆಯ ನರಗಳ ವ್ಯಾಪ್ತಿ ಒಂದರ ಮೇಲೊಂದು ಹಾಯುವುದರಿಂದ ಉಳಿದ ಕಡೆ ಪರೀಕ್ಷಿಸಿದರೆ ಗೊಂದಲವಾಗುತ್ತದೆ. ಈ ಚುಕ್ಕೆಗಳಲ್ಲಿ ಬೆರಕೆ ಕಡಿಮೆ.

ಪರೀಕ್ಷಿಸಿಕೊಳ್ಳುವವರು ಕಣ್ಣು ಮುಚ್ಚಿರಬೇಕು. ಮತ್ತೊಬ್ಬರು ಹತ್ತಿಯ ಎಳೆಯನ್ನು ಉಜ್ಜದೆ, ಒತ್ತದೆ, ತಾಗಿಸಿ ತೆಗೆಯಬೇಕು. "ಗೊತ್ತಾಯಿತೇ" ಎಂದು ಕೇಳುವುದು ಸಾಲದು. "ಎಡಕ್ಕೂ ಬಲಕ್ಕೂ ಒಂದೇ ಥರ ಗೊತ್ತಾಯಿತೇ" ಎಂದು ಕೇಳಬೇಕು. ವರ್ಷಗಟ್ಟಲೆ ಕತ್ತಿ, ಗುದ್ದಲಿ ಹಿಡಿದ ಕೈಗಳ ಚರ್ಮ ದಡ್ಡುಗಟ್ಟಿರುತ್ತದೆ. ಅಂಥವರಿಗೆ ಬೆರಳ ಮೆತ್ತೆಯಲ್ಲಿ ಹತ್ತಿ ತಿಳಿಯದಿದ್ದರೆ ಬೆರಳ ಪಕ್ಕದ ಮೆದು ಚರ್ಮದಲ್ಲಿ ನೋಡಿ, ಆಮೇಲೆ ತೀರ್ಮಾನಕ್ಕೆ ಬರುವುದು ನ್ಯಾಯ.

ಹೆಗಲು ಮತ್ತು ತೋಳಿನ ಮುಂಬದಿ

ಆಕ್ಸಿಲರಿ ನರ ತೋಳಿನ ಮೂಳೆಯ ಕುತ್ತಿಗೆಯನ್ನು ಹಿಂದಿನಿಂದ ಸುತ್ತಿ ಬಂದು ಹೆಗಲಿನ ಡೆಲ್ಟಾಯ್ಡ್ ಸ್ನಾಯುವನ್ನು ನಡೆಸುತ್ತದೆ. ಹೆಗಲು ಕೀಲು ತಪ್ಪಿದಾಗ ಇದು ಸೆಳೆತಕ್ಕೆ ಸಿಗುತ್ತದೆ. ಆದ್ದರಿಂದ ಕೀಲನ್ನು ಕೂರಿಸುವ ಮೊದಲೊಮ್ಮೆ, ಕೂರಿಸಿದ ಮೇಲೊಮ್ಮೆ ಆ ಚುಕ್ಕೆಯ ಸ್ಪರ್ಶವನ್ನು ನೋಡಲೇಬೇಕು. ಹಾಕಿ ಮೈದಾನದಲ್ಲಿ ಹೆಗಲು ತಪ್ಪಿದವನ ತೋಳನ್ನು ಅಲ್ಲೇ ಎಳೆದು ಕೂರಿಸಲು ಮುಂದಾಗುವ ಗೆಳೆಯರಿಗೆ ನನ್ನ ಕಳಕಳಿಯ ವಿನಂತಿ: ತೋಳನ್ನು ಬಟ್ಟೆಯಲ್ಲಿ ಕಟ್ಟಿ ಆಸ್ಪತ್ರೆಗೆ ಕರೆದೊಯ್ಯಿರಿ, ಎಳೆಯಬೇಡಿರಿ.

ಮಸ್ಕ್ಯುಲೋಕ್ಯುಟೇನಿಯಸ್ ನರ ಬೈಸೆಪ್ಸ್ ಮತ್ತು ಅದರಡಿಯ ಸ್ನಾಯುಗಳನ್ನು ನಡೆಸಿ, ಮೊಣಕೈ ದಾಟಿದ ಮೇಲೆ ಬರಿಯ ಸ್ಪರ್ಶದ ನರವಾಗಿ ಉಳಿಯುತ್ತದೆ. ಅಂಗೈ ಮೇಲೆ ಮಾಡಿ ಮೊಣಕೈ ಮಡಿಸುವಾಗ ಬಲವಿದ್ದರೆ ಇದು ಸರಿಯಿದೆ ಎಂದೇ ಅರ್ಥ. ಇದೊಂದೇ ಕೆಡುವುದು ಅಪರೂಪ.

ಹಿಂಬದಿಯ ನರ: ರೇಡಿಯಲ್

ರೇಡಿಯಲ್ ನರ ತೋಳಿನ ಮೂಳೆಯ ಹಿಂಬದಿಗೆ ಅಂಟಿದಂತೆ ಸುತ್ತಿಕೊಂಡು ಹೊರಬದಿಗೆ ಬರುತ್ತದೆ. ಮೂಳೆಗೂ ಅದಕ್ಕೂ ನಡುವೆ ಮೆತ್ತನೆಯ ಹಾಸಿಗೆ ಇಲ್ಲದಿರುವುದರಿಂದ ಅಲ್ಲಿ ಅದು ಸುಲಭವಾಗಿ ನಲುಗುತ್ತದೆ. ಮದುವೆ ಮನೆಯಲ್ಲಿ ತಡರಾತ್ರಿ ಕುರ್ಚಿಯ ಬೆನ್ನಿಗೆ ತೋಳು ನೇತುಹಾಕಿ ಗಾಢವಾಗಿ ನಿದ್ರಿಸಿದವರು ಬೆಳಗ್ಗೆ ಎದ್ದಾಗ ಮಣಿಕಟ್ಟು ಜೋತುಬಿದ್ದಿರುವುದನ್ನು ಕಂಡು ಪಾರ್ಶ್ವವಾಯು ಹೊಡೆಯಿತೆಂದು ಹೆದರಿ ಬರುತ್ತಾರೆ. ತೋಳಿನ ಮೂಳೆ ನಡುಮಧ್ಯದಲ್ಲಿ ಮುರಿದಾಗಲೂ ಇದೇ ನರಕ್ಕೆ ಅಪಾಯ. ಊರುಗೋಲಿನ ಮೇಲ್ತುದಿಯನ್ನು ಕಂಕುಳಿಗೆ ಒತ್ತಿ ನಡೆಯುವವರಿಗೆ ಇನ್ನೂ ಮೇಲೆ, ಕಂಕುಳಿನಲ್ಲೇ ಅಪಾಯ.

ಪರೀಕ್ಷೆ ಹೀಗೆ: ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿ ಅಂಚಿನಿಂದ ಹೊರಗೆ ಬರುವಂತೆ ಮಾಡಿ, ಮಣಿಕಟ್ಟನ್ನು ಮೇಲೆತ್ತಿರಿ, ಅನಂತರ ಬೆರಳುಗಳನ್ನು ಬುಡದಿಂದ ನೇರ ಮಾಡಿರಿ, ಕೊನೆಗೆ ಹೆಬ್ಬೆರಳನ್ನು ಮೇಲೆತ್ತಿರಿ. ಮಣಿಕಟ್ಟು ಏಳದೆ, ಮೊಣಕೈ ನೇರ ಮಾಡುವ ಬಲ ಮಾತ್ರ ಉಳಿದಿದ್ದರೆ ಪೆಟ್ಟು ತೋಳಿನ ನಡುಭಾಗದಲ್ಲಿದೆ, ಏಕೆಂದರೆ ಮೊಣಕೈ ನೇರ ಮಾಡುವ ಟ್ರೈಸೆಪ್ಸ್ ಸ್ನಾಯುವಿಗೆ ಹೋಗುವ ಹೆಚ್ಚಿನ ಕವಲುಗಳು ಅದಕ್ಕೂ ಮೇಲೆಯೇ ಹೊರಟಿರುತ್ತವೆ. ಮೊಣಕೈಯ ಬಲವೂ ಹೋಗಿದ್ದರೆ ಕಂಕುಳಿನ ಕಡೆ ಹುಡುಕಬೇಕು. ಮಣಿಕಟ್ಟು ಎದ್ದು, ಚರ್ಮದ ಸ್ಪರ್ಶವೂ ಇದ್ದು, ಬೆರಳುಗಳು ಮಾತ್ರ ನೇರವಾಗದಿದ್ದರೆ ಮೊಣಕೈಯ ಕೆಳಗೆ ಆಳಕ್ಕೆ ಇಳಿಯುವ ಕವಲಿನಲ್ಲಿ ತೊಂದರೆಯಿದೆ.

ರೇಡಿಯಲ್ ನರ ಕೆಟ್ಟವರು ಹಿಡಿತವೂ ಹೋಯಿತು ಎನ್ನುತ್ತಾರೆ. ಹಿಡಿಯುವ ಸ್ನಾಯುಗಳು ಈ ನರದವಲ್ಲವಾದರೂ ಅವರ ಮಾತು ನಿಜ. ನೀವೇ ಮಣಿಕಟ್ಟನ್ನು ಪೂರ್ತಿ ಕೆಳಕ್ಕೆ ಬಾಗಿಸಿಕೊಂಡು ಮುಷ್ಟಿ ಬಿಗಿದು ನೋಡಿರಿ: ಬಲ ಬರುವುದಿಲ್ಲ. ಮಣಿಕಟ್ಟು ತುಸು ಹಿಂದಕ್ಕೆ ಎದ್ದು ನಿಂತಾಗಲೇ ಬೆರಳ ರಜ್ಜುಗಳಿಗೆ ಬಿಗಿ ಸಿಗುತ್ತದೆ. ಈ ಕಾರಣಕ್ಕೆ ನರ ಚೇತರಿಸಿಕೊಳ್ಳುವವರೆಗೆ ಮಣಿಕಟ್ಟನ್ನು ಎತ್ತಿ ಹಿಡಿಯುವ ಪಟ್ಟಿಯನ್ನು ಕಟ್ಟುತ್ತಾರೆ.

ಮಣಿಕಟ್ಟಿನ ಇಕ್ಕಟ್ಟು: ಮೀಡಿಯನ್

ಮೀಡಿಯನ್ ನರ ತೋಳಿನುದ್ದಕ್ಕೂ ಯಾವ ಸ್ನಾಯುವಿಗೂ ಕವಲು ಕೊಡದೆ ರಕ್ತನಾಳದ ಜೊತೆಯಲ್ಲಿ ಇಳಿದು, ಮೊಣಕೈಯ ಮುಂಬದಿಯಿಂದ ಕೆಲಸ ಆರಂಭಿಸುತ್ತದೆ. ಮುಂಗೈಯಲ್ಲಿ ಮಡಿಸುವ ಸ್ನಾಯುಗಳಲ್ಲಿ ಒಂದೂವರೆ ಬಿಟ್ಟು ಉಳಿದವೆಲ್ಲ ಇದರವು. ಅಲ್ಲಿ ಆಳದಲ್ಲಿ ಸಾಗುವ ಇದರ ಒಂದು ಕವಲಿಗೆ ಚರ್ಮದ ಸ್ಪರ್ಶದ ಕೆಲಸವೇ ಇಲ್ಲ. ಅದು ಕೆಟ್ಟರೆ ಜೋಮೂ ಇರುವುದಿಲ್ಲ. ಹೆಬ್ಬೆರಳು ಮತ್ತು ತೋರುಬೆರಳ ತುದಿಗಳನ್ನು ಸೇರಿಸಿ ದುಂಡನೆಯ ಉಂಗುರ ಮಾಡಲು ಹೇಳಿದಾಗ ತುದಿಗಳು ಮಡಿಯದೆ ಚಪ್ಪಟೆಯಾಗಿ ಅಂಟಿಕೊಂಡರೆ ಆ ಕವಲು ಸೋತಿದೆ ಎಂದು ತಿಳಿಯಬೇಕು. ಪೇರಲೆ ಮರದಿಂದ ಬಿದ್ದು ಮೊಣಕೈಯ ಮೇಲೆ ಮೂಳೆ ಮುರಿದುಕೊಂಡ ಮಕ್ಕಳಲ್ಲಿ ಇದನ್ನು ಮರೆಯದೆ ನೋಡಬೇಕು. ಅಳುವ ಮಗುವಿಗೆ ಪ್ರಶ್ನೆ ಕೇಳಿ ಪ್ರಯೋಜನವಿಲ್ಲ. ಆಟದಂತೆ ಮುಷ್ಟಿ, ಬಿಡಿಸಿದ ಕೈ, ಎರಡು ಬೆರಳ ಕತ್ತರಿ, ಕೊನೆಗೆ ಉಂಗುರ ತೋರಿಸಿ ಹಾಗೆಯೇ ಮಾಡು ಎಂದರೆ ಮುಷ್ಟಿಯಲ್ಲಿ ಮೀಡಿಯನ್, ಬಿಡಿಸಿದ ಕೈಯಲ್ಲಿ ರೇಡಿಯಲ್, ಕತ್ತರಿಯಲ್ಲಿ ಅಲ್ನಾರ್, ಉಂಗುರದಲ್ಲಿ ಈ ಆಳದ ಕವಲು ಪರೀಕ್ಷೆಗೆ ಒಳಗಾಗುತ್ತವೆ.

ಆದರೆ ಈ ನರ ಹೆಚ್ಚಾಗಿ ಸಿಕ್ಕಿಬೀಳುವುದು ಮಣಿಕಟ್ಟಿನಲ್ಲಿ. ಅಲ್ಲಿ ಮೂಳೆಗಳ ದೋಣಿಯಂಥ ತಗ್ಗಿನ ಮೇಲೆ ಗಟ್ಟಿಯಾದ ಪಟ್ಟಿಯೊಂದು ಮುಚ್ಚಳದಂತೆ ಬಿಗಿದಿದೆ. ಒಳಗಿನ ಇಕ್ಕಟ್ಟಿನಲ್ಲಿ ಬೆರಳುಗಳನ್ನು ಮಡಿಸುವ 9 ರಜ್ಜುಗಳ ಜೊತೆ ಮೀಡಿಯನ್ ನರವೂ ಹಾಯಬೇಕು. ಇದೇ ಕಾರ್ಪಲ್ ಟನಲ್. ರಜ್ಜುಗಳ ಹೊದಿಕೆ ತುಸು ಊದಿದರೂ ಮೂಳೆಯೂ ಪಟ್ಟಿಯೂ ಜಾಗ ಬಿಡುವುದಿಲ್ಲ, ಒತ್ತಡ ನರದ ಮೇಲೆಯೇ ಬೀಳುತ್ತದೆ. ದಿನವಿಡೀ ಕತ್ತರಿ ಹಿಡಿದು ಕಾಫಿ ಗಿಡದ ರೆಂಬೆ ಕತ್ತರಿಸುವವರು, ನಡುಗುವ ಕಳೆ ಯಂತ್ರ ಹಿಡಿಯುವವರು, ಗರ್ಭಿಣಿಯರು, ಮಧುಮೇಹ ಅಥವಾ ಥೈರಾಯ್ಡ್ ಕೊರತೆ ಇರುವವರು ಇದಕ್ಕೆ ಬೇಗ ಗುರಿಯಾಗುತ್ತಾರೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಲಕ್ಷಣ ಕೇಳಿದರೆ ಸಾಕು, ಬಹುಮಟ್ಟಿಗೆ ಗೊತ್ತಾಗುತ್ತದೆ: ನಡುರಾತ್ರಿ ಜೋಮಿನಿಂದ ಎಚ್ಚರವಾಗುತ್ತದೆ, ಎದ್ದು ಕೈ ಕೊಡವಿದರೆ ಕಡಿಮೆಯಾಗುತ್ತದೆ, ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಅರ್ಧ ಜೋಮು, ಕಿರುಬೆರಳು ಸರಿ.

ಇದನ್ನು ಖಚಿತಪಡಿಸಿಕೊಳ್ಳಲು ಎರಡೂ ಕೈಗಳ ಹಿಂಬದಿಯನ್ನು ಒಂದಕ್ಕೊಂದು ತಾಗಿಸಿ, ಬೆರಳುಗಳು ನೆಲ ನೋಡುವಂತೆ ಮಣಿಕಟ್ಟುಗಳನ್ನು ಮಡಿಸಿ, 60 ಸೆಕೆಂಡು ಹಾಗೇ ಇರಿ. ಆ ಮೂರೂವರೆ ಬೆರಳುಗಳಲ್ಲಿ ಜೋಮು ಬಂದರೆ ಅನುಮಾನ ಬಲವಾಗುತ್ತದೆ. ಅನಂತರ ಹೆಬ್ಬೆರಳ ಬುಡದ ಮಾಂಸದಿಬ್ಬವನ್ನು ಎರಡೂ ಕೈಗಳಲ್ಲಿ ಪಕ್ಕದಿಂದ ನೋಡಿ ಹೋಲಿಸಿರಿ. ಒಂದು ಕಡೆ ತಗ್ಗಾಗಿದ್ದರೆ ರೋಗ ಹಳೆಯದು, ತಡಮಾಡುವಂತಿಲ್ಲ. ಒಂದು ಸೂಕ್ಷ್ಮವಿದೆ: ಅಂಗೈಯ ನಡುಭಾಗದ ಚರ್ಮಕ್ಕೆ ಹೋಗುವ ಕವಲು ಆ ಪಟ್ಟಿಯ ಮೇಲಿಂದ ಹಾಯುತ್ತದೆ, ಒಳಗಿಂದಲ್ಲ. ಹೀಗಾಗಿ ಕಾರ್ಪಲ್ ಟನಲ್ ತೊಂದರೆಯಲ್ಲಿ ಬೆರಳು ಜೋಮಾದರೂ ಅಂಗೈಯ ಸ್ಪರ್ಶ ಉಳಿದಿರುತ್ತದೆ. ಅಂಗೈಯೂ ಜೋಮಾಗಿದ್ದರೆ ಮಣಿಕಟ್ಟಿಗಿಂತ ಮೇಲೆ ಹುಡುಕಬೇಕು. ಆರಂಭದ ಹಂತದಲ್ಲಿ ಮಣಿಕಟ್ಟನ್ನು ನೇರವಾಗಿ ಇಡುವ ಪಟ್ಟಿಯನ್ನು ರಾತ್ರಿ ಕಟ್ಟಿ ಮಲಗುವುದರಿಂದ ಹಲವರಿಗೆ ನೆಮ್ಮದಿ ಸಿಗುತ್ತದೆ.

ಬೆರಳುಗಳ ಸೂಕ್ಷ್ಮ ಕೆಲಸದ ನರ: ಅಲ್ನಾರ್

ಅಂಗೈಯೊಳಗಿನ ಪುಟ್ಟ ಸ್ನಾಯುಗಳಲ್ಲಿ ಹೆಬ್ಬೆರಳಿನ ಮೂರು ಮತ್ತು ತೋರುಬೆರಳು, ನಡುಬೆರಳುಗಳ ಒಂದೊಂದು ಮೀಡಿಯನ್ ನರದವಾದರೆ, ಉಳಿದವೆಲ್ಲ ಅಲ್ನಾರ್ ನರದವು. ಬೆರಳುಗಳನ್ನು ಅಗಲಿಸುವುದು, ಕೂಡಿಸುವುದು, ಕೀಲಿ ತಿರುಗಿಸುವುದು, ಗುಂಡಿ ಹಾಕುವುದು ಇದರ ಬಲದಿಂದ. ಚರ್ಮದಲ್ಲಿ ಕಿರುಬೆರಳು ಮತ್ತು ಉಂಗುರ ಬೆರಳಿನಲ್ಲಿ ಕಿರುಬೆರಳ ಕಡೆಯ ಅರ್ಧ ಇದಕ್ಕೆ ಸೇರಿವೆ.

ಬೆರಳುಗಳನ್ನು ನೇರವಾಗಿಟ್ಟು ಎರಡು ಬೆರಳ ನಡುವೆ ಹಾಳೆಯೊಂದನ್ನು ಸಿಕ್ಕಿಸಿ, ಮತ್ತೊಬ್ಬರು ಎಳೆಯುವಾಗ ಬಿಡದೆ ಹಿಡಿಯಿರಿ. ಅನಂತರ ಎರಡೂ ಕೈಗಳಲ್ಲಿ ಹೆಬ್ಬೆರಳು ಮತ್ತು ತೋರುಬೆರಳ ಪಕ್ಕದ ನಡುವೆ ಒಂದೇ ಪತ್ರಿಕೆಯ ಎರಡು ತುದಿ ಹಿಡಿದು ಹೊರಕ್ಕೆ ಎಳೆಯಿರಿ. ಸೋತ ಕೈಯ ಹೆಬ್ಬೆರಳು ತುದಿಯ ಗಿಣ್ಣಿನಲ್ಲಿ ಮಡಿದುಕೊಳ್ಳುತ್ತದೆ, ಏಕೆಂದರೆ ಅಲ್ನಾರ್ ಸ್ನಾಯು ಕೈಕೊಟ್ಟಾಗ ಮೀಡಿಯನ್ ನರದ ಸ್ನಾಯು ಆ ಕೆಲಸಕ್ಕೆ ಬರುತ್ತದೆ. ಫ್ರಾನ್ಸಿನ ನರವೈದ್ಯ ಜೂಲ್ಸ್ ಫ್ರೋಮಾ ವಿವರಿಸಿದ ಈ ಗುರುತು ಅವರ ಹೆಸರಿನಲ್ಲೇ ಇಂದಿಗೂ ಬಳಕೆಯಲ್ಲಿದೆ.

ತೊಂದರೆ ಮೊಣಕೈಯಲ್ಲೋ ಮಣಿಕಟ್ಟಿನಲ್ಲೋ ಎಂದು ತಿಳಿಯಲು ಕೈಯ ಹಿಂಬದಿಯ ಕಿರುಬೆರಳ ಕಡೆಯ ಚರ್ಮವನ್ನು ಹತ್ತಿಯಿಂದ ಮುಟ್ಟಿರಿ. ಅಲ್ಲಿಗೆ ಹೋಗುವ ಕವಲು ಮಣಿಕಟ್ಟಿಗಿಂತ ಸುಮಾರು 5 ಸೆಂ.ಮೀ. ಮೇಲೆಯೇ ಬೇರ್ಪಟ್ಟಿರುತ್ತದೆ. ಹಿಂಬದಿಯೂ ಜೋಮಾಗಿದ್ದರೆ ಮೊಣಕೈಯನ್ನು ಶಂಕಿಸಬೇಕು. ಹಿಂಬದಿ ಸರಿಯಿದ್ದು ಬೆರಳ ಮುಂಬದಿ ಮಾತ್ರ ಜೋಮಾಗಿದ್ದರೆ ಮಣಿಕಟ್ಟಿನಲ್ಲಿ, ಗುದ್ದಲಿಯ ಹಿಡಿ ಒತ್ತುವ ಅಂಗೈಯ ಬುಡದಲ್ಲಿ ನೋಡಬೇಕು. ಜೀಪಿನ ಕಿಟಕಿಯ ಅಂಚಿಗೆ ಮೊಣಕೈ ಊರಿ ದಿನವಿಡೀ ಓಡಾಡುವ ಚಾಲಕರು, ಮೊಣಕೈ ಮಡಿಸಿ ಗಂಟೆಗಟ್ಟಲೆ ಫೋನ್ ಹಿಡಿಯುವವರು ಆ ಅಭ್ಯಾಸವನ್ನು ಮೊದಲು ಬಿಟ್ಟು ನೋಡಬೇಕು.

ಅಲ್ನಾರ್ ನರವನ್ನು ಮೊಣಕೈಯಲ್ಲಿ ಮುಟ್ಟಿ ನೋಡುವಾಗ ಎರಡೂ ಕಡೆ ಹೋಲಿಸುವುದಕ್ಕೆ ಇನ್ನೊಂದು ಕಾರಣವಿದೆ. ಒಂದು ಕಡೆ ಅದು ದಪ್ಪವಾಗಿ, ಗಟ್ಟಿಯಾಗಿ ಸಿಕ್ಕಿದರೆ, ಮೈಮೇಲೆ ಎಲ್ಲಾದರೂ ಬಣ್ಣ ಮಾಸಿದ, ಸ್ಪರ್ಶ ತಿಳಿಯದ ಮಚ್ಚೆಯಿದೆಯೇ ನೋಡಬೇಕು. ಕುಷ್ಠರೋಗದಲ್ಲಿ ದಪ್ಪಗಾಗುವ ನರಗಳಲ್ಲಿ ಇದು ಮುಖ್ಯವಾದದ್ದು. ಈ ರೋಗಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧಿಯಿದೆ, ಪೂರ್ಣವಾಗಿ ಗುಣವಾಗುತ್ತದೆ. ನಾಚಿಕೆಯಿಂದ ಮುಚ್ಚಿಟ್ಟು ಬೆರಳು ಮಡಚಿದ ಮೇಲೆ ಬರುವವರನ್ನು ಕಂಡಾಗ ಬಹಳ ಸಂಕಟವಾಗುತ್ತದೆ.

ಕತ್ತಿನದೋ ಕೈಯದೋ

ನಾನು ಹೆಚ್ಚು ನಂಬುವ ಪರೀಕ್ಷೆ ಉಂಗುರ ಬೆರಳಿನದು. ಅದರ ಎರಡು ಪಕ್ಕಗಳನ್ನು ಹತ್ತಿಯಿಂದ ಒಂದಾದ ಮೇಲೊಂದು ಮುಟ್ಟಿರಿ. ಮೀಡಿಯನ್ ಅಥವಾ ಅಲ್ನಾರ್ ನರದ ತೊಂದರೆಯಾದರೆ ಬೆರಳು ಉದ್ದಕ್ಕೆ ಸೀಳಿದಂತೆ ಒಂದು ಪಕ್ಕ ಜೋಮಾಗಿ ಇನ್ನೊಂದು ಪಕ್ಕ ಸರಿಯಿರುತ್ತದೆ. ಕತ್ತಿನ ಬೇರಿನ ತೊಂದರೆ ಹೀಗೆ ಬೆರಳನ್ನು ಸೀಳುವುದಿಲ್ಲ. 50 ಕೆ.ಜಿ.ಯ ಮೂಟೆ ಹೊತ್ತವರಲ್ಲಿ ಕತ್ತು ತಿರುಗಿಸಿದಾಗ ನೋವು ತೋಳಿಗೆ ಹರಿದರೆ, ಹೆಬ್ಬೆರಳ ಜೋಮಿನ ಜೊತೆ ಬೈಸೆಪ್ಸ್ ಸೋತಿದ್ದರೆ 6ನೆಯ ಬೇರನ್ನೂ, ನಡುಬೆರಳ ಜೋಮಿನ ಜೊತೆ ಟ್ರೈಸೆಪ್ಸ್ ಸೋತಿದ್ದರೆ 7ನೆಯ ಬೇರನ್ನೂ ಶಂಕಿಸಬೇಕು. ಎಲ್ಲರ ನರಗಳೂ ಒಂದೇ ಅಚ್ಚಿನವಲ್ಲ. ಕೆಲವರಲ್ಲಿ ಮೀಡಿಯನ್ ನರದ ಎಳೆಗಳು ಮುಂಗೈಯಲ್ಲೇ ಅಲ್ನಾರ್ ನರಕ್ಕೆ ದಾಟಿರುತ್ತವೆ. ಆದ್ದರಿಂದ ಈ ಪರೀಕ್ಷೆಗಳು ವೈದ್ಯರ ಪರೀಕ್ಷೆಗೆ ದಾರಿ ತೋರುತ್ತವೆಯೇ ಹೊರತು ಅದರ ಬದಲಿಗೆ ನಿಲ್ಲಲಾರವು.

ಕತ್ತಿಯ ಗಾಯವಾದಾಗ

ಮಣಿಕಟ್ಟಿಗೋ ಬೆರಳಿಗೋ ಕತ್ತಿ ತಗುಲಿದರೆ ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿದು ರಕ್ತ ನಿಲ್ಲಿಸಿ, ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಗಾಯದಾಚೆಯ ಬೆರಳ ತುದಿಗಳ ಸ್ಪರ್ಶವನ್ನು ನೋಡಿಕೊಳ್ಳಿರಿ. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟ ಮೇಲೆ ಆ ಪರೀಕ್ಷೆ ಸಾಧ್ಯವಿಲ್ಲ; ಆದ್ದರಿಂದ "ಈ ಬೆರಳ ತುದಿ ಗೊತ್ತಾಗುತ್ತಿಲ್ಲ" ಎಂದು ಹೊಲಿಗೆಗೆ ಮುಂಚೆಯೇ ಹೇಳಬೇಕು. ಸಣ್ಣ ಗಾಯದ ಕೆಳಗೂ ನರ ಪೂರ್ತಿ ತುಂಡಾಗಿರಬಹುದು. ಮಳೆಗಾಲದಲ್ಲಿ ಗದ್ದೆಯಿಂದ ಬಂದಾಗ ಬೆರಳ ತುದಿಗಳು ಸುಕ್ಕುಗಟ್ಟುವುದು ನಮಗೆಲ್ಲ ಗೊತ್ತು. ಆ ಸುಕ್ಕು ಮೂಡುವುದಕ್ಕೂ ನರ ಬೇಕು. ಗಾಯ ಮಾಗಿದ ಮೇಲೆ ಕೈಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ಇಟ್ಟಾಗ ಉಳಿದ ಬೆರಳುಗಳೆಲ್ಲ ಸುಕ್ಕಾಗಿ ಒಂದು ಮಾತ್ರ ನುಣುಪಾಗಿ, ಒಣಗಿ ಉಳಿದರೆ ಅದರ ನರ ತುಂಡಾಗಿದೆ ಎಂದು ಶಂಕಿಸಬೇಕು. ಮಾತು ಬಾರದ ಮಕ್ಕಳಲ್ಲಿ ಇದು ಬಹಳ ಉಪಯುಕ್ತ.

ತುಂಡಾದ ನರವನ್ನು ಹೊಲಿದ ಮೇಲೆ ಅದು ದಿನಕ್ಕೆ ಸುಮಾರು 1 ಮಿ.ಮೀ. ಬೆಳೆಯುತ್ತದೆ. ಮೊಣಕೈಯಿಂದ ಅಂಗೈಯ ಸ್ನಾಯುಗಳಿಗೆ ಸುಮಾರು 30 ಸೆಂ.ಮೀ. ದೂರವೆಂದರೆ 300 ದಿನ, ಹತ್ತಿರ ಹತ್ತಿರ ಹತ್ತು ತಿಂಗಳು. ನರ ಕಾಣದ ಸ್ನಾಯು ಒಂದು, ಒಂದೂವರೆ ವರ್ಷದಲ್ಲಿ ಮತ್ತೆ ಚೇತರಿಸಿಕೊಳ್ಳಲಾರದಷ್ಟು ಸೊರಗುತ್ತದೆ. ಕೊಯ್ಲು ಮುಗಿಯಲಿ, ಮಳೆ ನಿಲ್ಲಲಿ, ಆಮೇಲೆ ಮೈಸೂರಿಗೋ ಮಂಗಳೂರಿಗೋ ಹೋದರಾಯಿತು ಎಂದು ಮುಂದೂಡುವ ಆರು ತಿಂಗಳು ಈ ಲೆಕ್ಕದಿಂದಲೇ ಕಳೆದುಹೋಗುತ್ತದೆ. ಕೈಯ ದೌರ್ಬಲ್ಯದ ಜೊತೆಗೆ ಬಾಯಿ ಸೊಟ್ಟಗಾದರೆ ಅಥವಾ ಮಾತು ತೊದಲಿದರೆ ಮಾತ್ರ ಈ ಯಾವ ಪರೀಕ್ಷೆಗೂ ಕೂರದೆ ಆ ನಿಮಿಷವೇ ಆಸ್ಪತ್ರೆಗೆ ಹೊರಡಬೇಕು, ಅದು ಮಿದುಳಿನ ಆಘಾತ.

ಉಳಿದವರು ವೈದ್ಯರಲ್ಲಿಗೆ ಹೋಗುವ ಮುನ್ನ ಹಾಳೆಯ ಮೇಲೆ ಕೈ ಇಟ್ಟು ಸುತ್ತ ಪೆನ್ನಿನಿಂದ ಗೆರೆ ಎಳೆಯಿರಿ. ಅಂಗೈಗೊಂದು, ಹಿಂಬದಿಗೊಂದು ಚಿತ್ರ ಬೇಕು. ಜೋಮು ಇರುವಷ್ಟು ಜಾಗವನ್ನು ಬಣ್ಣದಿಂದ ತುಂಬಿ, ಉಂಗುರ ಬೆರಳಿನ ಯಾವ ಪಕ್ಕ ಎಂಬುದನ್ನು ವಿಶೇಷವಾಗಿ ಗುರುತಿಸಿ, ಜೋಮು ಶುರುವಾದ ದಿನ, ಹೆಚ್ಚಾಗುವ ಹೊತ್ತು, ಮಾಡಲಾಗದ ಕೆಲಸ ಇವುಗಳನ್ನು ಕೆಳಗೆ ಬರೆದು, ಆ ಹಾಳೆಯನ್ನೇ ವೈದ್ಯರ ಮೇಜಿನ ಮೇಲಿಡಿರಿ.